ಹೊಸ ಗಿಟಾರ್ ಆಂಪ್ ಕೈಕೊಟ್ಟರೆ ಏನು ಮಾಡಬೇಕು?



ಟಿ. ನಗರ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಪನಗಲ್ ಪಾರ್ಕಿನ ಸುತ್ತಮುತ್ತಲಿನ ರೇಷ್ಮೆ ಅಂಗಡಿಗಳು, ರಂಗನಾಥನ್ ಬೀದಿಯ ನೂಕುನುಗ್ಗಲು, ಪಾಂಡಿ ಬಜಾರಿನ ಸಂಜೆ. ಆದರೆ ಇದು ಸಂಗೀತದ ಬಡಾವಣೆಯೂ ಹೌದು. ವಾಣಿ ಮಹಲ್ ಇಲ್ಲಿದೆ, ಕೃಷ್ಣ ಗಾನ ಸಭಾ ಇಲ್ಲಿದೆ. ಪಕ್ಕದ ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ನಮ್ಮ ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಧ್ವನಿಮುದ್ರಣವಾದವು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಇಲ್ಲಿ ಕುಳಿತು ಕಟ್ಟಿದ ಹಾಡುಗಳಲ್ಲಿ ಗಿಟಾರಿನ ಮೀಟು ನಿಮ್ಮ ಕಿವಿಯಲ್ಲಿ ಇನ್ನೂ ಇದ್ದೇ ಇರುತ್ತದೆ.

ಈಗ ಆ ಗಿಟಾರು ಸ್ಟುಡಿಯೋದಿಂದ ಇಳಿದು ಮನೆಯ ಹಾಲಿಗೆ ಬಂದಿದೆ. ಮಗನೋ ಮಗಳೋ ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಾರೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಎರಡು ಹಾಡು ನುಡಿಸುತ್ತೇನೆ ಎಂದು ಹೆಸರು ಕೊಟ್ಟು ಬರುತ್ತಾರೆ. ಅದಕ್ಕಾಗಿ ಹತ್ತಾರು ಸಾವಿರ ರೂಪಾಯಿ ಕೊಟ್ಟು ಒಂದು ಡಿಜಿಟಲ್ ಆಂಪ್ಲಿಫೈಯರ್ ತರುತ್ತೀರಿ. ಪೆಟ್ಟಿಗೆ ಬಿಚ್ಚಿ, ಪ್ಲಗ್ ಹಾಕಿ, ಸ್ವಿಚ್ ಒತ್ತಿದರೆ ಗುಂಯ್ ಎನ್ನುತ್ತದೆ, ಇಲ್ಲವೇ ಏನೂ ಅನ್ನುವುದೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ ಆಗುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದು, ಸಿಟ್ಟಿನಲ್ಲಿ ಅಂಗಡಿಗೆ ಓಡಿ ಜಗಳ ತೆಗೆಯುವುದು. ಇನ್ನೊಂದು, "ಹೋಗಲಿ ಬಿಡು, ನಮ್ಮ ಗ್ರಹಚಾರ" ಎಂದು ಪರಿಚಯದ ರಿಪೇರಿಯವನ ಹತ್ತಿರ ಬಿಚ್ಚಿಸುವುದು. ಎರಡರಿಂದಲೂ ಹಣ ಹೋಗುವ ಸಾಧ್ಯತೆಯೇ ಹೆಚ್ಚು. ಮೂರನೆಯ ದಾರಿಯೊಂದಿದೆ. ಅದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಡಿಜಿಟಲ್ ಆಂಪ್ ಒಳಗೆ ಏನಿದೆ?

ದೋಷ ಹುಡುಕುವ ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದಿರಬೇಕು. ಹಳೆಯ ಕಾಲದ ವಾಲ್ವ್ ಆಂಪ್‌ನಲ್ಲಿ ತಂತಿಯ ಕಂಪನದಿಂದ ಹುಟ್ಟಿದ ಸಣ್ಣ ವಿದ್ಯುತ್ ನೇರವಾಗಿ ವಾಲ್ವುಗಳಲ್ಲಿ ದೊಡ್ಡದಾಗಿ ಸ್ಪೀಕರಿಗೆ ಹೋಗುತ್ತಿತ್ತು. ಡಿಜಿಟಲ್ ಆಂಪ್‌ನಲ್ಲಿ ನಡುವೆ ಒಂದು ಪುಟ್ಟ ಕಂಪ್ಯೂಟರ್ ಕುಳಿತಿದೆ. ಗಿಟಾರಿನಿಂದ ಬಂದ ಸಂಕೇತವನ್ನು ಅದು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕೆಗಳಾಗಿ ಬದಲಾಯಿಸುತ್ತದೆ. ಆ ಅಂಕೆಗಳ ಮೇಲೆ ಲೆಕ್ಕ ಮಾಡಿ ಹಳೆಯ ಆಂಪ್‌ಗಳ ದನಿ, ಪ್ರತಿಧ್ವನಿ, ಗೊರಗೊರ ದನಿ ಎಲ್ಲವನ್ನೂ ಸೃಷ್ಟಿಸುತ್ತದೆ. ಆಮೇಲೆ ಅಂಕೆಗಳನ್ನು ಮತ್ತೆ ವಿದ್ಯುತ್ತಾಗಿಸಿ, ಹಿಗ್ಗಿಸಿ, ಸ್ಪೀಕರಿಗೆ ಕಳಿಸುತ್ತದೆ. 1996ರಲ್ಲಿ ಅಮೆರಿಕದ ಲೈನ್ 6 ಕಂಪನಿ ಇಂಥ ಆಂಪ್ ಒಂದನ್ನು ಮಾರುಕಟ್ಟೆಗೆ ತಂದ ಮೇಲೆ ಈ ಬಗೆ ಜನಪ್ರಿಯವಾಗುತ್ತ ಬಂತು. ಇಂದು ಮನೆಯಲ್ಲಿ ಅಭ್ಯಾಸಕ್ಕೆಂದು ಕೊಳ್ಳುವ ಆಂಪ್‌ಗಳಲ್ಲಿ ಬಹಳಷ್ಟು ಇದೇ ಜಾತಿಯವು.

ಅಂದರೆ ದೋಷವೂ ಎರಡು ಬಗೆ. ಒಂದು ಲೆಕ್ಕದ ದೋಷ: ಸೆಟ್ಟಿಂಗ್ ಅಥವಾ ಒಳಗಿನ ಸಾಫ್ಟ್‌ವೇರ್ ಹದ ತಪ್ಪಿರುವುದು. ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಇನ್ನೊಂದು ಸಾಮಾನಿನ ದೋಷ: ಜಾಕ್, ಬೆಸುಗೆ, ಸ್ಪೀಕರ್, ವಿದ್ಯುತ್ ಭಾಗ ಕೆಟ್ಟಿರುವುದು. ಇದನ್ನು ನೀವು ಮುಟ್ಟಬಾರದು. ಅದನ್ನು ಸರಿಪಡಿಸುವುದು ಮಾರಿದವರ ಮತ್ತು ತಯಾರಿಸಿದವರ ಹೊಣೆ. ಯಾವುದು ಯಾವುದೆಂದು ಬೇರ್ಪಡಿಸುವುದೇ ನಿಮ್ಮ ಮೊದಲ ಕೆಲಸ.

ಮೊದಲ ಅರ್ಧ ಗಂಟೆ

ಸದ್ದೇ ಬರುತ್ತಿಲ್ಲವೇ? ಈ ಕ್ರಮದಲ್ಲಿ ನೋಡುತ್ತ ಹೋಗಿ.

ದೀಪ ಹತ್ತುತ್ತದೆಯೇ? ಹತ್ತದಿದ್ದರೆ ಅದೇ ಸಾಕೆಟ್ಟಿಗೆ ಟೇಬಲ್ ಫ್ಯಾನೋ ಮಿಕ್ಸಿಯೋ ಹಾಕಿ ನೋಡಿ. ಸಾಕೆಟ್ ಸರಿಯಿದ್ದು ಆಂಪ್ ಸತ್ತಂತಿದ್ದರೆ ಪವರ್ ಕಾರ್ಡ್ ಅಥವಾ ಅಡಾಪ್ಟರ್ ಪೂರ್ತಿ ಒಳಗೆ ಕೂತಿದೆಯೇ ನೋಡಿ. ಬೇರೆ ಯಂತ್ರದ ಅಡಾಪ್ಟರ್ ಮಾತ್ರ ಹಾಕಬೇಡಿ. ಪಿನ್ನು ಹೊಂದಿತೆಂದು ವೋಲ್ಟೇಜೂ ಹೊಂದಬೇಕೆಂದಿಲ್ಲ.

ದೀಪ ಹತ್ತಿ ಸದ್ದಿಲ್ಲದಿದ್ದರೆ ಕೇಬಲ್ ಬದಲಾಯಿಸಿ. ದೂರುಗಳ ಮೂಲ ಬಹಳ ಸಲ ಇದೇ. ಗಿಟಾರಿನ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿಲ್ಲವಷ್ಟೇ? ನಿಮ್ಮದು ಬ್ಯಾಟರಿ ಬೇಡುವ ಪಿಕಪ್ ಆಗಿದ್ದರೆ 9 ವೋಲ್ಟಿನ ಬ್ಯಾಟರಿ ಹೊಸದು ಹಾಕಿ. ಕೆಲವು ಆಂಪ್‌ಗಳಲ್ಲಿ ಪವರ್ ಗುಂಡಿಗೇ ಸ್ಟ್ಯಾಂಡ್‌ಬೈ ಎಂಬ ಸ್ಥಾನವಿದೆ. ಅಲ್ಲಿಟ್ಟರೆ ದೀಪ ಉರಿಯುತ್ತದೆ, ಸದ್ದು ಬರುವುದಿಲ್ಲ.

ಈಗ ಒಂದು ಸುಲಭದ ಉಪಾಯ. ಆಂಪ್‌ನಲ್ಲಿ ಆಕ್ಸ್ ತೂತು ಇದ್ದರೆ ಫೋನಿನಿಂದ ಒಂದು ಹಾಡು ಹಾಕಿ. ಹಾಡು ಚೆನ್ನಾಗಿ ಕೇಳಿಸಿ ಗಿಟಾರು ಮಾತ್ರ ಕೇಳಿಸದಿದ್ದರೆ ಸ್ಪೀಕರ್ ಸರಿಯಿದೆ. ತೊಂದರೆ ಗಿಟಾರ್ ಜಾಕಿನ ಕಡೆಯಲ್ಲಿದೆ, ಇಲ್ಲವೇ ಸೆಟ್ಟಿಂಗಿನಲ್ಲಿದೆ. ಎರಡೂ ಕೇಳಿಸದಿದ್ದರೆ ಹೆಡ್‌ಫೋನ್ ಹಾಕಿ. ಹೆಡ್‌ಫೋನಿನಲ್ಲಿ ಸದ್ದಿದ್ದು ಸ್ಪೀಕರಿನಲ್ಲಿ ಇಲ್ಲದಿದ್ದರೆ ಲೆಕ್ಕ ಮಾಡುವ ಭಾಗ ಸರಿಯಿದೆ. ಕೆಟ್ಟಿರುವುದು ಹಿಗ್ಗಿಸುವ ಭಾಗವೋ, ಸ್ಪೀಕರೋ, ಹೆಡ್‌ಫೋನ್ ಜಾಕಿನ ಒಳಗಿನ ಸ್ವಿಚ್ಚೋ ಎಂದು ತಿಳಿಯಬಹುದು. ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಬಾಯಿ ಮುಚ್ಚುವುದು ಸಹಜ, ಅದು ದೋಷವಲ್ಲ. ಎರಡು ನಿಮಿಷದ ಈ ಪರೀಕ್ಷೆಯ ಫಲವನ್ನು ಬರೆದಿಡಿ. ಮುಂದೆ ಅಂಗಡಿಯಲ್ಲಿ ಇದೇ ನಿಮ್ಮ ಬಲ.

ಆಮೇಲೆ ಫ್ಯಾಕ್ಟರಿ ರೀಸೆಟ್. ಹೊಸ ಆಂಪ್ ಕೂಡ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟದ್ದಾಗಿರಬಹುದು, ಯಾರೋ ಸೆಟ್ಟಿಂಗ್ ಬದಲಿಸಿರಬಹುದು. ಯಾವ ಗುಂಡಿ ಒತ್ತಿ ಹಿಡಿಯಬೇಕೆಂದು ಕೈಪಿಡಿಯಲ್ಲಿ ಇರುತ್ತದೆ. "ಸ್ವರ ನಿಲ್ಲುತ್ತಲೇ ಇಲ್ಲ, ಮಧ್ಯದಲ್ಲೇ ಕತ್ತರಿಸುತ್ತದೆ" ಎಂಬ ದೂರಿಗೆ ನಾಯ್ಸ್ ಗೇಟ್ ಎಂಬ ಸೆಟ್ಟಿಂಗ್ ಕಾರಣವಾಗಿರುವುದುಂಟು. ಅದು ಸಣ್ಣ ಸದ್ದನ್ನೆಲ್ಲ ಕತ್ತರಿಸುವ ಕಾವಲುಗಾರ. ಕಾವಲು ಬಿಗಿಯಾದರೆ ನಿಮ್ಮ ಸ್ವರದ ಬಾಲವನ್ನೂ ಕತ್ತರಿಸುತ್ತಾನೆ. ಫೋನಿನಿಂದ ಬ್ಲೂಟೂತ್ ಮೂಲಕ ಬರುವ ಹಾಡು ಪರದೆಯ ಮೇಲಿನ ವಿಡಿಯೋಗಿಂತ ತುಸು ಹಿಂದೆ ಬೀಳುವುದೂ ಆಂಪ್‌ನ ಕಾಯಿಲೆಯಲ್ಲ, ಬ್ಲೂಟೂತ್‌ನ ಗುಣ.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕಾದರೆ ಎರಡು ಎಚ್ಚರ. ಮೊದಲನೆಯದು ಯುಎಸ್‌ಬಿ ಕೇಬಲ್. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಮಾಹಿತಿ ಹರಿಯುವುದಿಲ್ಲ. ಕಂಪ್ಯೂಟರ್ ಆಂಪನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಎರಡನೆಯದು ಕರೆಂಟು. ಅಪ್‌ಡೇಟ್ ನಡೆಯುವಾಗ ವಿದ್ಯುತ್ ಹೋದರೆ ಆಂಪ್ ಮತ್ತೆ ಏಳದೆ ಹೋಗಬಹುದು. ಮಳೆ ಗುಡುಗಿನ ಸಂಜೆ ಆ ಕೆಲಸ ಬೇಡ.

ಗುಂಯ್ ಎಂಬ ಸದ್ದು ಎಲ್ಲಿಂದ?

ಹೊಸ ಆಂಪ್‌ಗಳ ಬಗ್ಗೆ ಬಹಳ ಮಂದಿ ಹೇಳುವ ದೂರು ಇದೇ. ಇಲ್ಲಿ ತುಸು ತಾಳ್ಮೆ ಬೇಕು, ಏಕೆಂದರೆ ಅರ್ಧಕ್ಕರ್ಧ ಸಲ ತಪ್ಪು ಆಂಪ್‌ನದ್ದಲ್ಲ, ಮನೆಯದ್ದು.

ಗಿಟಾರ್ ಕೇಬಲ್ ಪೂರ್ತಿ ಕಳಚಿ. ಏನೂ ಸಿಕ್ಕಿಸದೆ ಆಂಪ್ ಗುಂಯ್ಗುಟ್ಟುತ್ತಲೇ ಇದ್ದರೆ ಸದ್ದು ಆಂಪ್‌ನಿಂದಲೋ ಮನೆಯ ವಿದ್ಯುತ್ತಿನಿಂದಲೋ ಬರುತ್ತಿದೆ. ಕೇಬಲ್ ಕಳಚಿದ ಕೂಡಲೇ ಸದ್ದು ನಿಂತರೆ ಅದು ಗಿಟಾರಿನ ದಾರಿಯಿಂದ ಬಂದದ್ದು. ಗಿಟಾರ್ ಹಿಡಿದು ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ತಿರುಗಿದಂತೆ ಸದ್ದು ಏರಿಳಿದರೆ ಗಿಟಾರಿನ ಪಿಕಪ್ ಆಂಟೆನಾದಂತೆ ಸುತ್ತಲಿನ ವಿದ್ಯುತ್ ಗದ್ದಲವನ್ನು ಹಿಡಿಯುತ್ತಿದೆ ಎಂದರ್ಥ. ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ ಇದು ಹುಟ್ಟುಗುಣ.

ಈಗ ಮನೆಯ ಶಂಕಿತರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನು ಪೂರ್ತಿ ಆರಿಸಿ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ವೈಫೈ ಪೆಟ್ಟಿಗೆ ಒಂದೊಂದಾಗಿ ಆರಿಸುತ್ತ ಕೇಳಿ. ಮನೆಯ ಇನ್ವರ್ಟರ್ ಮೇಲೆ ಓಡುತ್ತಿದ್ದೀರಾ? ಅಗ್ಗದ ಇನ್ವರ್ಟರುಗಳು ಕೊಡುವ ವಿದ್ಯುತ್ತಿನ ಅಲೆ ನುಣುಪಾಗಿರದೆ ಚೌಕಾಕಾರವಾಗಿರುತ್ತದೆ, ಅದು ಆಂಪ್‌ನಲ್ಲಿ ಜಿರ್ ಎಂದು ಕೇಳುತ್ತದೆ. ಲೈನ್ ಕರೆಂಟು ಬಂದ ಮೇಲೆ ಸದ್ದು ಹೋದರೆ ಆಂಪ್ ನಿರಪರಾಧಿ. ಲ್ಯಾಪ್‌ಟಾಪ್ ಜೋಡಿಸಿದಾಗ ಮಾತ್ರ ಗುಂಯ್ ಎಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ, ಇನ್ನೊಂದು ಮನೆಗೆ ಒಯ್ದು ಬೇರೆ ಸಾಕೆಟ್ಟಿನಲ್ಲಿ ಹಾಕಿದಾಗಲೂ ಅದೇ ಸದ್ದು ಬಂದರೆ, ಆಗ ಆಂಪ್ ಮೇಲೆ ಆರೋಪ ಹೊರಿಸಲು ನಿಮಗೆ ಆಧಾರ ಸಿಕ್ಕಿತು.

ಇದನ್ನು ಮಾತ್ರ ಮಾಡಬೇಡಿ

ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು, ಅಂದರೆ ಅರ್ಥಿಂಗನ್ನು, ಕಳಚಿ ಹಾಕುವ ಒಂದು ಚಾಳಿ ಇದೆ. ಕೆಲವು ಸಲ ಸದ್ದು ನಿಲ್ಲುತ್ತದೆ, ನಿಜ. ಆದರೆ ಗಿಟಾರಿನ ಲೋಹದ ತಂತಿ ಕೇಬಲ್ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಸೇರಿದೆ ಎಂಬುದನ್ನು ಮರೆಯಬೇಡಿ. ಒಳಗೆ ಎಲ್ಲಿಯಾದರೂ ವಿದ್ಯುತ್ ಸೋರಿದರೆ ಅರ್ಥಿಂಗ್ ಅದನ್ನು ನೆಲಕ್ಕೆ ಇಳಿಸುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ನುಡಿಸುವವನ ಮೈಮೂಲಕ ಇಳಿಯುತ್ತದೆ. ಸ್ಕಾಟ್‌ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿ ನಗರದ ವೇದಿಕೆಯಲ್ಲಿ ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ಪ್ರಾಣ ಕಳೆದುಕೊಂಡರು. ತಂತಿಯೋ ಮೈಕೋ ಮುಟ್ಟಿದಾಗ ಜುಮ್ ಎಂದರೆ ಅದು ಸಣ್ಣ ವಿಷಯವಲ್ಲ. ಕೂಡಲೇ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆದು ಸಾಕೆಟ್ಟಿನ ಅರ್ಥಿಂಗ್ ನೋಡಿಸಿ. ಸಾಕೆಟ್ ಸರಿಯಿದ್ದೂ ಜುಮ್ ಎಂದರೆ ಆ ಆಂಪ್ ಮತ್ತೆ ಹಾಕಲೇಬೇಡಿ. ಮಕ್ಕಳ ಕೈಗಂತೂ ಬೇಡವೇ ಬೇಡ.

ಎರಡನೆಯ ಮಾತು: ಸ್ಕ್ರೂ ಬಿಚ್ಚಬೇಡಿ. ಆರಿಸಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಜೊತೆಗೆ, ಸೀಲು ಒಡೆದ ಗಳಿಗೆಯಲ್ಲಿ ವಾರಂಟಿಯ ವಾದ ನಿಮ್ಮ ಕೈಬಿಡುತ್ತದೆ. ಮೌಂಟ್ ರೋಡಿನ ಪಕ್ಕದ ರಿಚ್ಚಿ ಬೀದಿಯಲ್ಲಿ ಯಾವ ಬಿಡಿಭಾಗ ಬೇಕಾದರೂ ಸಿಗುತ್ತದೆ, ಕೈಚಳಕದ ರಿಪೇರಿಯವರೂ ಇದ್ದಾರೆ. ವಾರಂಟಿ ಮುಗಿದ ಹಳೆಯ ಆಂಪ್‌ಗೆ ಅವರು ಆಪದ್ಬಾಂಧವರು. ಹೊಸದಕ್ಕೆ ಅವರ ಬಳಿ ಹೋಗಬೇಡಿ.

ಅಮೆರಿಕದಿಂದ ಬಂದ ಆಂಪ್

ನಮ್ಮ ಮನೆಗಳಲ್ಲಿ ಇದು ಪದೇ ಪದೇ ಆಗುವುದರಿಂದ ಬೇರೆಯಾಗಿ ಹೇಳಬೇಕು. ಅಣ್ಣನೋ ಭಾವನೋ ಅಲ್ಲಿಂದ ಬರುವಾಗ ಆಂಪ್ ತಂದುಕೊಡುತ್ತಾರೆ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಆಂಪ್‌ನ ಹಿಂಬದಿಯಲ್ಲೋ ಅಡಾಪ್ಟರ್ ಮೇಲೋ "100ರಿಂದ 240 ವೋಲ್ಟ್" ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ "120 ವೋಲ್ಟ್" ಎಂದಿದ್ದರೆ ಇಲ್ಲಿನ ಸಾಕೆಟ್ಟಿಗೆ ನೇರ ಹಾಕಿದ ಕ್ಷಣದಲ್ಲೇ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಅದರ ಹಿಂದೆ ಇನ್ನಷ್ಟೂ ಹೋಗುತ್ತದೆ. ಅದಕ್ಕೆ ಆಂಪ್‌ನ ವ್ಯಾಟ್‌ಗೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಾಗೆ ಸುಟ್ಟುಹೋದದ್ದನ್ನು ಕಂಪನಿಯ ದೋಷ ಎಂದು ಸಾಧಿಸಲಾಗದು. ಅಲ್ಲದೆ ಒಂದು ದೇಶದಲ್ಲಿ ಕೊಂಡ ವಸ್ತುವಿಗೆ ಇನ್ನೊಂದು ದೇಶದಲ್ಲಿ ವಾರಂಟಿ ಕೊಡದ ಕಂಪನಿಗಳು ಬಹಳ. ಕಾರ್ಡನ್ನು ಓದಿ ತರಿಸಿ.

ಅಂಗಡಿಗೆ ಹೋಗುವ ಮುನ್ನ

ದೋಷ ಆಂಪ್‌ನದ್ದೇ ಎಂದು ಖಚಿತವಾಯಿತು. ಈಗ ಕಾಲ ನಿಮ್ಮ ಶತ್ರು. ಇವತ್ತೇ ಈ ಕೆಲಸಗಳು ಆಗಬೇಕು.

ಬಿಲ್ಲು, ವಾರಂಟಿ ಕಾರ್ಡು, ಪೆಟ್ಟಿಗೆ, ಒಳಗಿನ ಥರ್ಮೋಕೋಲ್ ಎಲ್ಲವನ್ನೂ ಒಟ್ಟಿಗಿಡಿ. ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಅಳಿಸಿಹೋಗುವ ಜಾತಿಯದು, ಆದ್ದರಿಂದ ಫೋಟೋ ತೆಗೆದಿಡಿ. ಆಂಪ್‌ನ ಸೀರಿಯಲ್ ನಂಬರ್, ಪೆಟ್ಟಿಗೆಯ ಮೇಲಿನ ನಂಬರ್, ವಾರಂಟಿ ಕಾರ್ಡಿನ ನಂಬರ್ ಮೂರೂ ಒಂದೇಯೇ ಎಂದು ನೋಡಿ.

ದೋಷ ಆಗುತ್ತಿರುವಾಗಲೇ ಒಂದು ವಿಡಿಯೋ ಮಾಡಿ. ಅದರಲ್ಲಿ ಸೀರಿಯಲ್ ನಂಬರ್ ಕಾಣಿಸಲಿ, ಕೇಬಲ್ ಬದಲಿಸಿ ತೋರಿಸಿ, ಸದ್ದು ಕೇಳಿಸಲಿ. ಬಂದು ಹೋಗುವ ದೋಷವಾದರೆ ಇದು ಅತಿ ಮುಖ್ಯ. "ಇಪ್ಪತ್ತು ನಿಮಿಷ ನುಡಿಸಿದ ಮೇಲೆ ತಾನಾಗಿ ನಿಲ್ಲುತ್ತದೆ" ಎಂಬ ಆಂಪ್ ಅಂಗಡಿಯ ಮೇಜಿನ ಮೇಲೆ ಐದು ನಿಮಿಷ ಸುಬ್ಬನ ಹಾಗೆ ಒಳ್ಳೆಯವನಾಗಿ ಹಾಡುತ್ತದೆ! ಹಾಗಾಗಿ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷದ ಮೇಲೆ ಕೈಕೊಟ್ಟಿತು ಎಂದು ಒಂದು ಕಾಗದದಲ್ಲಿ ಬರೆಯುತ್ತ ಹೋಗಿ.

ಆನ್‌ಲೈನಿನಲ್ಲಿ ಕೊಂಡಿದ್ದರೆ ವಾಪಸಾತಿಗೆ ಎಷ್ಟು ದಿನದ ಗಡುವಿದೆ ಎಂದು ಮೊದಲು ನೋಡಿ. ಏಳೋ ಹತ್ತೋ ದಿನದ ಗಡುವು ಪೆಟ್ಟಿಗೆ ಮನೆಗೆ ಬಂದ ದಿನದಿಂದ ಶುರು, ನೀವು ಬಿಚ್ಚಿದ ದಿನದಿಂದಲ್ಲ. ಹುಟ್ಟುಹಬ್ಬಕ್ಕೆಂದು ತಿಂಗಳ ಮುಂಚೆ ತರಿಸಿ ಅಟ್ಟದ ಮೇಲಿಡಬೇಡಿ. ಬಂದ ದಿನವೇ ಬಿಚ್ಚಿ, ನುಡಿಸಿ ನೋಡಿ, ಬೇಕಾದರೆ ಮತ್ತೆ ಕಟ್ಟಿಡಿ.

ಅಂಗಡಿಯ ಮುಂದೆ

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಧ್ವನಿ ಏರಿಸದೆ ನಿಮ್ಮ ಪರೀಕ್ಷೆಯ ಫಲ ಹೇಳಿ: "ಮೂರು ಕೇಬಲ್ ಹಾಕಿ ನೋಡಿದ್ದೇನೆ, ರೀಸೆಟ್ ಮಾಡಿದ್ದೇನೆ, ಹೆಡ್‌ಫೋನಿನಲ್ಲಿ ಸದ್ದಿದೆ, ಸ್ಪೀಕರಿನಲ್ಲಿ ಇಲ್ಲ." ಹೀಗೆ ಮಾತಾಡುವ ಗಿರಾಕಿಯನ್ನು "ನಿಮಗೆ ಉಪಯೋಗಿಸಲು ಬರುವುದಿಲ್ಲ" ಎಂದು ಸಾಗಹಾಕುವುದು ಕಷ್ಟ.

ಅಂಗಡಿಯವರು ಸಾಮಾನ್ಯವಾಗಿ ಕೊಡುವ ಉತ್ತರ ಮೂರು. "ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ", "ಇಲ್ಲಿ ಬಿಟ್ಟು ಹೋಗಿ, ನೋಡುತ್ತೇವೆ", "ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ". ಮೊದಲನೆಯದಕ್ಕೆ ಒಪ್ಪಬಹುದು, ಆದರೆ ಅಂಗಡಿಗೆ ದೂರು ಕೊಟ್ಟ ತಾರೀಖು ಬರಹದಲ್ಲಿರಲಿ. ಎರಡನೆಯದಕ್ಕೆ ಒಪ್ಪಿದರೆ ರಸೀದಿ ಇಲ್ಲದೆ ಆಂಪ್ ಬಿಟ್ಟು ಬರಬೇಡಿ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್, ನೀವು ಹೇಳಿದ ದೋಷ, ಕೊಟ್ಟ ತಾರೀಖು ಇರಬೇಕು. ತಮಿಳು ಅಷ್ಟಾಗಿ ಬಾರದಿದ್ದರೂ "ಜಾಬ್ ಷೀಟ್ ಎಳುದಿ ಕುಡುಂಗ" ಎಂಬ ಒಂದು ಮಾತು ಕಲಿತಿರಿ, ಸಾಕು. ಮೂರನೆಯ ಉತ್ತರಕ್ಕೆ ಕಾನೂನೇ ಜವಾಬು ಕೊಡುತ್ತದೆ. ಅದನ್ನು ಈಗ ನೋಡೋಣ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಮೊದಲ ಗ್ರಾಹಕ ರಕ್ಷಣಾ ಕಾಯಿದೆ 1986ರದ್ದು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತೇವೆ. ಅದರ ಜಾಗಕ್ಕೆ 2019ರ ಹೊಸ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ.

ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ "ಮಾರಿದ ಮಾಲು ವಾಪಸಿಲ್ಲ" ಎಂದು ಅಚ್ಚಾಗಿದೆಯೇ? ಮನಸ್ಸು ಬದಲಾಯಿತೆಂದು ಹಿಂದಿರುಗಿಸಲು ಹೋದರೆ ಆ ಮಾತು ನಡೆಯಬಹುದು. ದೋಷವಿರುವ ಮಾಲಿಗೆ ಅದು ನಡೆಯದು. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಕಾಯಿದೆಯ 2(47)ನೇ ಕಲಮು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. "ಜಿಎಸ್‌ಟಿ ಬೇಡವಾದರೆ ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ" ಎಂಬ ಆಮಿಷಕ್ಕೆ ಬಿದ್ದರೆ ಉಳಿದ ನಾಲ್ಕು ಕಾಸಿನ ಜೊತೆ ಈ ರಕ್ಷಣೆಯೂ ಹೋಗುತ್ತದೆ.

ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬೇರೆ ನಿಯಮ ಬಂದಿದೆ. ಅಂಥ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಅವರ ಹೆಸರು, ವಿವರ ಜಾಲತಾಣದಲ್ಲಿ ಇರಲೇಬೇಕು.

ಗಿಟಾರ್ ನುಡಿಸಿ ಸಂಪಾದಿಸುವವರಿಗೆ ಒಂದು ಸಂಶಯ ಬರಬಹುದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯಿದೆ ಹೇಳುತ್ತದಲ್ಲ? ಹೇಳುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ತಾನೇ ಬಳಸುವವನನ್ನು ಅದೇ ಕಾಯಿದೆ ಗ್ರಾಹಕನೆಂದು ಒಪ್ಪುತ್ತದೆ. ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನಿಗೂ ಬಾಗಿಲು ತೆರೆದಿದೆ.

ಒಂದು ಒಂಬತ್ತು ಒಂದು ಐದು

ಅಂಗಡಿ, ಕಂಪನಿ ಎರಡೂ ಕೈಯಾಡಿಸಿದರೆ ಮೊದಲು ಬರಹದಲ್ಲಿ ಒಂದು ದೂರು ಕಳಿಸಿ. ಇಮೇಲ್ ಆದರೂ ಸರಿ, ರಿಜಿಸ್ಟರ್ ಅಂಚೆಯಾದರೂ ಸರಿ. ಕೊಂಡ ತಾರೀಖು, ಬಿಲ್ಲಿನ ನಂಬರ್, ಕೊಟ್ಟ ಹಣ, ಸೀರಿಯಲ್ ನಂಬರ್, ದೋಷ, ನೀವು ಮಾಡಿದ ಪರೀಕ್ಷೆಗಳು, ಹೋದ ತಾರೀಖುಗಳು, ಕೊನೆಗೆ ನಿಮಗೆ ಏನು ಬೇಕು ಎಂಬುದು ಇರಲಿ. ಬದಲಿ ಬೇಕೇ, ಹಣ ಬೇಕೇ ಎಂದು ನಿಚ್ಚಳವಾಗಿ ಬರೆಯಿರಿ. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಸೂಕ್ತ ಯಾವುದೆಂದು ಅವರೇ ತೀರ್ಮಾನಿಸುತ್ತಾರೆ. ಹದಿನೈದು ದಿನದ ಗಡುವು ಕೊಡಿ.

ಅದಕ್ಕೂ ಮೌನವೇ ಉತ್ತರವಾದರೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹೊರನಾಡಿನ ನಮಗೆ ಇದರಲ್ಲೊಂದು ಸಂತೋಷದ ಸಂಗತಿಯಿದೆ: ಈ ಸಹಾಯವಾಣಿ 17 ಭಾಷೆಗಳಲ್ಲಿದೆ, ಅವುಗಳಲ್ಲಿ ಕನ್ನಡವೂ ಒಂದು. ಟಿ. ನಗರದಲ್ಲಿ ಕೂತು, ತಮಿಳುನಾಡಿನ ಅಂಗಡಿಯ ಮೇಲೆ, ಕನ್ನಡದಲ್ಲೇ ದೂರು ಹೇಳಬಹುದು. ಸಹಾಯವಾಣಿ ಅದನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ಅದು ನ್ಯಾಯಾಲಯವಲ್ಲ, ಆಜ್ಞೆ ಮಾಡಲಾರದು. ಆದರೂ ದೊಡ್ಡ ಕಂಪನಿಗಳ ವಿಷಯದಲ್ಲಿ ಎಷ್ಟೋ ದೂರುಗಳು ಈ ಹಂತದಲ್ಲೇ ಬಗೆಹರಿಯುತ್ತವೆ. ಚೆನ್ನೈಯಲ್ಲೇ 1985ರಿಂದ ಕೆಲಸ ಮಾಡುತ್ತಿರುವ ಸಿಎಜಿ ಎಂಬ ಗ್ರಾಹಕ ಸಂಸ್ಥೆಯೂ ಇದೆ.

ಕೊನೆಯ ಮೆಟ್ಟಿಲು

ಅಲ್ಲೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕ ಆಯೋಗ. ಹೆಸರು ಕೇಳಿ ಹೆದರಬೇಡಿ. ಕೊಟ್ಟ ಬೆಲೆ 50 ಲಕ್ಷದವರೆಗಿನ ವ್ಯಾಜ್ಯಗಳು ಇಲ್ಲಿಗೆ ಬರುತ್ತವೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ, ನೀವೇ ನಿಂತು ಹೇಳಬಹುದು. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು.

ಇನ್ನೊಂದು ಅನುಕೂಲ ನಮ್ಮಂಥವರಿಗೆಂದೇ ಮಾಡಿದ ಹಾಗಿದೆ. ಹಿಂದಿನ ಕಾಯಿದೆಯಲ್ಲಿ ಮಾರಿದವರು ಇರುವ ಊರು ಅಥವಾ ವ್ಯವಹಾರ ನಡೆದ ಊರು ಮುಖ್ಯವಾಗಿತ್ತು. 2019ರ ಕಾಯಿದೆಯ ಪ್ರಕಾರ ನೀವು ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ರಜೆಗೆ ಬೆಂಗಳೂರಿಗೆ ಹೋದಾಗ ಆಂಪ್ ಕೊಂಡು ತಂದಿದ್ದರೂ ಅದಕ್ಕಾಗಿ ಮತ್ತೆ ರೈಲು ಹತ್ತಬೇಕಾಗಿಲ್ಲ, ಚೆನ್ನೈಯಲ್ಲೇ ಹಾಕಬಹುದು. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು.

ಎದುರು ಪಕ್ಷದವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ದೋಷ ಇದೆಯೋ ಇಲ್ಲವೋ ಎಂಬ ತಕರಾರು ಬಂದರೆ ಆಯೋಗ ಆಂಪನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಸೀಲು ಒಡೆಯಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ. ದೋಷ ಸಾಬೀತಾದರೆ ಅದನ್ನು ಸರಿಪಡಿಸಲು, ಹೊಸದು ಕೊಡಲು, ಹಣವನ್ನು ಬಡ್ಡಿಯೊಂದಿಗೆ ಹಿಂದಿರುಗಿಸಲು, ಪರಿಹಾರ ಕೊಡಲು ಆಯೋಗ ಆಜ್ಞೆ ಮಾಡಬಹುದು. ಆಜ್ಞೆ ಪಾಲಿಸದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಬೀಳಬಹುದು.

ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆಯ ಆಶಯ. ಆಶಯ ಅಂದೆವು, ಗಮನಿಸಿ. ನಿಜದಲ್ಲಿ ಹೆಚ್ಚು ಸಮಯ ಹಿಡಿಯುವುದುಂಟು. ಆದ್ದರಿಂದ ಅಂಗಡಿಯ ಹಂತದಲ್ಲಿ ನ್ಯಾಯವಾದ ಬದಲಿ ಆಂಪ್ ಸಿಗುವುದಾದರೆ ಹಟಕ್ಕೆ ಬೀಳದೆ ಒಪ್ಪಿಕೊಳ್ಳುವುದು ಜಾಣತನ. ಬದಲಿ ಸಿಕ್ಕರೆ ಹೊಸ ಸೀರಿಯಲ್ ನಂಬರನ್ನು ಬಿಲ್ಲಿನಲ್ಲೋ ವಾರಂಟಿ ಕಾರ್ಡಿನಲ್ಲೋ ಬರೆಸಿ, ಮೊಹರು ಹಾಕಿಸಿ.

ಮುಂದಿನ ಸಲ ಕೊಳ್ಳುವಾಗ

ನಿಮ್ಮ ಗಿಟಾರನ್ನೇ ಅಂಗಡಿಗೆ ಒಯ್ದು, ಪ್ರದರ್ಶನದ್ದಲ್ಲ, ನಿಮಗೆ ಕೊಡುವ ಆಂಪನ್ನೇ ಬಿಚ್ಚಿಸಿ ಇಪ್ಪತ್ತು ನಿಮಿಷ ನುಡಿಸಿ. ಪ್ರತಿ ಗುಂಡಿ ತಿರುಗಿಸಿ, ಪ್ರತಿ ತೂತಿಗೆ ಪ್ಲಗ್ ಹಾಕಿ ನೋಡಿ. ಪೆಟ್ಟಿಗೆಯ ಮೇಲೆ ಬೆಲೆ, ಆಮದುದಾರರ ಹೆಸರು-ವಿಳಾಸ, ಗ್ರಾಹಕ ಸೇವೆಯ ವಿವರ ಇದೆಯೇ ಓದಿ. ಆಮದುದಾರರ ಹೆಸರೇ ಇಲ್ಲದ ಪೆಟ್ಟಿಗೆ ಅಡ್ಡದಾರಿಯಲ್ಲಿ ಬಂದದ್ದಿರಬಹುದು. ಅದಕ್ಕೆ ವಾರಂಟಿ ಕೇಳಲು ಯಾರ ಬಾಗಿಲು ತಟ್ಟುತ್ತೀರಿ? ಅಡಾಪ್ಟರ್ ಇದ್ದರೆ ಅದರ ಮೇಲೆ ಬಿಐಎಸ್ ಗುರುತು ನೋಡಿ. ಚೆನ್ನೈಯಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂದು ಹಣ ಕೊಡುವ ಮುನ್ನ ಕೇಳಿ, ಕೊಟ್ಟ ಮೇಲಲ್ಲ.

ಮನೆಗೆ ತಂದ ಮೇಲೆ ನೆಲದ ಮೇಲಿಡಬೇಡಿ. ಟಿ. ನಗರ 1920ರ ದಶಕದಲ್ಲಿ ಕೆರೆಯ ನೀರು ಹೊರಬಿಟ್ಟು ಕಟ್ಟಿದ ಬಡಾವಣೆ. 2015ರ ಡಿಸೆಂಬರನ್ನು, 2023ರ ಮಿಚಾಂಗ್ ಚಂಡಮಾರುತವನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆಂಪ್ ಮೇಜಿನ ಮೇಲಿರಲಿ, ಗುಡುಗುವಾಗ ಪ್ಲಗ್ ಹೊರಗಿರಲಿ. ನೀರು ಕುಡಿದ ಆಂಪ್‌ಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಸಮುದ್ರದ ಗಾಳಿಯ ಉಪ್ಪು ಜಾಕ್‌ಗಳಿಗೆ ತುಕ್ಕು ಹಿಡಿಸುತ್ತದೆ. ನುಡಿಸದ ದಿನ ಒಂದು ಬಟ್ಟೆ ಹೊದಿಸಿ, ನುಡಿಸುವಾಗ ಮರೆಯದೆ ತೆಗೆಯಿರಿ, ಏಕೆಂದರೆ ಬಿಸಿ ಹೊರಹೋಗಲು ದಾರಿ ಬೇಕು.

ಮನೆಯಲ್ಲಿ ಹೊಸ ಆಂಪ್ ಇದ್ದರೆ ಈ ಭಾನುವಾರವೇ ಬಿಲ್ಲು ಹುಡುಕಿ ಒಂದು ಫೋಟೋ ತೆಗೆದಿಡಿ. ಎರಡು ನಿಮಿಷದ ಕೆಲಸ. ಕನ್ನಡ ಕಾರ್ಯಕ್ರಮದ ಹೊತ್ತಿಗೆ ಮುಗಿದಿರುತ್ತದೆ, ರೇಡಿಯೋ ಹಾಕಿಕೊಳ್ಳಬಹುದು. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ನುಡಿಸುತ್ತಿರಿ.